ಹಿತ್ತಲ ಬಾಗಿಲಿಗೂ ಬೀಗವಿರಲಿ

ತುಲಾ ಸಂಕ್ರಮಣದ ದಿನಗಳಲ್ಲಿ ಭಾಗಮಂಡಲಕ್ಕೆ ಬರುವ ಯಾತ್ರಿಕರು ಸಂಗಮದಲ್ಲಿ ಮಿಂದು, ಭಗಂಡೇಶ್ವರನ ದರ್ಶನ ಪಡೆದು, ತಲಕಾವೇರಿಗೆ ಹೋಗಿಬಂದು, ಊರಿಗೆ ಮರಳುವ ಮುನ್ನ ಒಂದು ಶೀಸೆ ಜೇನು ಕೊಳ್ಳುವುದು ಹಳೆಯ ರೂಢಿ. ಆದರೆ ಈ ವ್ಯಾಪಾರ ಋತುವನ್ನು ನಂಬಿದ್ದು. ಮಳೆಗಾಲದಲ್ಲಿ ಕಾವೇರಿ ಉಕ್ಕಿ ಸಂಗಮದ ಸುತ್ತಲಿನ ತಗ್ಗು ಪ್ರದೇಶ ಮುಳುಗಿದರೆ ಗಿರಾಕಿ ಇಲ್ಲ. ಈ ಕೊರತೆಯನ್ನು ತುಂಬಲು ಬಂದದ್ದು ಅಂತರಜಾಲದ ಮಳಿಗೆ. ಜೇನು, ಏಲಕ್ಕಿ, ಕಾಳುಮೆಣಸು, ಕಾಫಿಪುಡಿಯನ್ನು ಮಧ್ಯವರ್ತಿಯ ಹಂಗಿಲ್ಲದೆ ದೂರದ ಊರುಗಳಿಗೆ ಮಾರುವ ಅವಕಾಶ ಸಣ್ಣ ಬೆಳೆಗಾರನಿಗೆ ದೊರೆತಿರುವುದು ಸಣ್ಣ ಸಂಗತಿಯೇನಲ್ಲ.

ಕಳೆದ ಬಾರಿ ಅಲ್ಲಿಗೆ ಹೋದಾಗ ಪರಿಚಿತ ಕುಟುಂಬವೊಂದು ತನ್ನ ಮಳಿಗೆಯನ್ನು ಅಭಿಮಾನದಿಂದ ತೋರಿಸಿತು. ಗಿರಾಕಿಗಳು ಕಾಣುವ ಪುಟಗಳ ಹಿಂದೆ ಮಾಲೀಕರಷ್ಟೇ ಪ್ರವೇಶಿಸಬೇಕಾದ ಆಡಳಿತ ವಿಭಾಗವೊಂದಿರುತ್ತದೆ. ಅದರ ಬಳಕೆದಾರ ಹೆಸರು ‘ಅಡ್ಮಿನ್’. ಪಾಸ್‌ವರ್ಡ್, ಮಳಿಗೆಯ ಹೆಸರಿನ ಮುಂದೆ 123. ಅದು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿತ್ತು. ಮನೆಯ ಮೂವರಿಗೆ, ಪೊಟ್ಟಣ ಕಟ್ಟುವ ಹುಡುಗನಿಗೆ, ಜಾಲತಾಣ ರೂಪಿಸಿಕೊಟ್ಟು ಎರಡು ವರ್ಷಗಳ ಹಿಂದೆಯೇ ಬೆಂಗಳೂರು ಸೇರಿದ ಯುವಕನಿಗೆ, ಎಲ್ಲರಿಗೂ ಅದು ಗೊತ್ತು. ‘ನಮ್ಮಲ್ಲಿ ಕದಿಯಲು ಏನಿದೆ?’ ಎಂದರು ಯಜಮಾನರು.

ಏನಿದೆ ಎಂಬುದನ್ನು ನೋಡೋಣ. ಸರಕು ಕೊಂಡ ಪ್ರತಿಯೊಬ್ಬರ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಅಲ್ಲಿದೆ. ದರ ಬದಲಿಸುವ ಅಧಿಕಾರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿ ಕೊಡುವ ಹಣ ಯಾವ ಖಾತೆಗೆ ಹೋಗಬೇಕೆಂದು ನಿರ್ಧರಿಸುವ ಪುಟವಿದೆ. ಅಲ್ಲಿನ ಒಂದು ಸಂಖ್ಯೆಯನ್ನು ತಿದ್ದಿದರೆ ಜೇನು ಭಾಗಮಂಡಲದಿಂದಲೇ ಹೋಗುತ್ತದೆ, ಹಣ ಮಾತ್ರ ಬೇರೆಲ್ಲಿಗೋ ಸೇರುತ್ತದೆ. ಕದಿಯುವವನು ಈ ಊರನ್ನು ಅರಸಿ ಬರಬೇಕಾಗಿಯೂ ಇಲ್ಲ. ‘ಅಡ್ಮಿನ್’ ಎಂಬ ಹೆಸರಿಗೆ ಸುಲಭದ ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದರಂತೆ ಹಾಕಿ ನೋಡುವ ತಂತ್ರಾಂಶಗಳು ಜಗತ್ತಿನ ಜಾಲತಾಣಗಳನ್ನು ಹಗಲಿರುಳು ತಡಕುತ್ತಿರುತ್ತವೆ. ಅವಕ್ಕೆ ಚಿಕ್ಕ ಅಂಗಡಿ, ದೊಡ್ಡ ಅಂಗಡಿ ಎಂಬ ಭೇದವಿಲ್ಲ.

ಖಾತೆಯ ದಿಕ್ಕು ತಪ್ಪಿಸುವುದು ಕೇವಲ ಊಹೆಯಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಬಿದ್ದು, ಟೆಂಡರುದಾರರು ಇಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಅನ್ಯರ ಖಾತೆಗಳಿಗೆ ಹರಿದುಹೋಯಿತು. ಅಲ್ಲಿ ಬಳಸಿದ ತಂತ್ರ ಬೇರೆಯೇ ಇರಬಹುದು. ಆದರೆ ಒಳಗೆ ಸೇರಿದವನಿಗೆ ಹಣದ ದಾರಿ ಬದಲಿಸುವುದು ಎಷ್ಟು ಸುಲಭ ಎಂಬ ಪಾಠ ಒಂದೇ. ಪರಿಣತರ ಪಡೆಯುಳ್ಳ ಸರ್ಕಾರದ ಗತಿಯೇ ಹೀಗಾದರೆ ಒಂಟಿ ಬೆಳೆಗಾರನ ಪಾಡೇನು?

ಸರ್ಕಾರಿ ಸೇವೆಯಲ್ಲಿದ್ದವರಿಗೆ ಖಜಾನೆಯ ಜೋಡಿ ಬೀಗ ಹೊಸದಲ್ಲ. ಒಂದು ಕೀಲಿಕೈ ಒಬ್ಬ ಅಧಿಕಾರಿಯ ಬಳಿ, ಇನ್ನೊಂದು ಮತ್ತೊಬ್ಬರ ಬಳಿ. ವರ್ಗಾವಣೆಯಾದವರು ಕೀಲಿಕೈಯನ್ನು ಲಿಖಿತವಾಗಿ ಒಪ್ಪಿಸಿಯೇ ಹೊರಡಬೇಕು. ಇದು ಅಪನಂಬಿಕೆಯ ಕ್ರಮವಲ್ಲ. ನಾಳೆ ಏನಾದರೂ ಕಾಣೆಯಾದರೆ ನಿರಪರಾಧಿಯ ಮೇಲೆ ಶಂಕೆ ಬೀಳದಂತೆ ಕಾಯುವ ಕ್ರಮ. ಇದೇ ವಿವೇಕವನ್ನು ‘ಭೂಮಿ’ ಯೋಜನೆಯಲ್ಲೂ ಕಂಡೆವು. ಪಹಣಿಗಳನ್ನು ಗಣಕೀಕರಿಸಿದಾಗ, ದಾಖಲೆ ತಿದ್ದುವ ಸಿಬ್ಬಂದಿಯನ್ನು ಪಾಸ್‌ವರ್ಡಿನ ಬದಲು ಬೆರಳಚ್ಚಿನಿಂದ ಗುರುತಿಸುವ ವ್ಯವಸ್ಥೆಯಾಯಿತು. ‘ನನ್ನ ಪಾಸ್‌ವರ್ಡನ್ನು ಬೇರೆ ಯಾರೋ ಬಳಸಿದರು’ ಎಂಬ ಸಬೂಬಿಗೆ ಅಲ್ಲಿ ಎಡೆಯಿರಲಿಲ್ಲ. ಐವರಿಗೆ ಗೊತ್ತಿರುವ ಪಾಸ್‌ವರ್ಡಿನ ದೊಡ್ಡ ದೋಷವೇ ಇದು: ತಪ್ಪು ನಡೆದಾಗ ಎಲ್ಲರೂ ಹೊಣೆ, ಯಾರೂ ಹೊಣೆಯಲ್ಲ.

ಪರಿಹಾರ ದುಬಾರಿಯಲ್ಲ. ಒಬ್ಬೊಬ್ಬರಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್ ಕೊಡಬೇಕು. ಪೊಟ್ಟಣ ಕಟ್ಟುವವನಿಗೆ ಬೇಡಿಕೆಯ ಪಟ್ಟಿ ಕಂಡರೆ ಸಾಕು, ಖಾತೆಯ ಪುಟ ಬೇಕಿಲ್ಲ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸಬೇಕು. ಪಾಸ್‌ವರ್ಡ್ ಉದ್ದವಾಗಿರಬೇಕು, ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡಲೂ ಸುಲಭ. ಅದನ್ನು ಬೇರೆಲ್ಲೂ ಬಳಸಬಾರದು. ಅದರ ಮೇಲೆ ಮೊಬೈಲಿನಲ್ಲಿ ಮೂಡುವ ತಾತ್ಕಾಲಿಕ ಸಂಕೇತದ ಎರಡನೆಯ ಬೀಗವಿರಬೇಕು. ಆಡಳಿತ ವಿಭಾಗದ ಇಡೀ ಕಡತಕೋಶಕ್ಕೆ ಸರ್ವರಿನ ಮಟ್ಟದಲ್ಲೇ ಇನ್ನೊಂದು ಪಾಸ್‌ವರ್ಡ್ ಹಾಕಿಸಿದರೆ ಮಳಿಗೆಯ ತಂತ್ರಾಂಶದಲ್ಲಿ ಲೋಪವಿದ್ದರೂ ಹೊರಗಿನವನು ಅಷ್ಟು ಸುಲಭವಾಗಿ ಅದರ ಹತ್ತಿರ ಸುಳಿಯಲಾರ. ಹಲವು ಬಾರಿ ತಪ್ಪು ಪಾಸ್‌ವರ್ಡ್ ಹಾಕಿದವರನ್ನು ತಡೆಹಿಡಿಯುವ ಏರ್ಪಾಡೂ ಬೇಕು.

ಇದು ಮಾಲೀಕನೊಬ್ಬನ ಲಾಭನಷ್ಟದ ಪ್ರಶ್ನೆಯಷ್ಟೇ ಎಂದು ಭಾವಿಸುವುದು ತಪ್ಪು. ‘ಕೊಡಗಿನ ಜೇನು’ ಎಂಬ ಹೆಸರು ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರ ಸೊತ್ತು. ಒಂದು ಮಳಿಗೆಯಲ್ಲಿ ಮೋಸಹೋದ ಗಿರಾಕಿ ಮುಂದೆ ಆ ಹೆಸರನ್ನು ಕಂಡರೇ ಹಿಂಜರಿಯುತ್ತಾನೆ. ಒಬ್ಬರ ಅಲಕ್ಷ್ಯದ ಬೆಲೆಯನ್ನು ನೆರೆಹೊರೆಯ ಬೆಳೆಗಾರರು ತೆರಬೇಕಾಗುತ್ತದೆ. ಆದ್ದರಿಂದ ಆನ್‌ಲೈನ್ ಮಾರಾಟಕ್ಕೆ ಉತ್ತೇಜನ ನೀಡುವ ಇಲಾಖೆಗಳು, ಸಹಕಾರ ಸಂಘಗಳು, ಸಾಲ ಕೊಡುವ ಬ್ಯಾಂಕುಗಳು ಅಂಗಡಿ ತೆರೆಯುವುದನ್ನು ಕಲಿಸಿದಂತೆಯೇ ಬೀಗ ಹಾಕುವುದನ್ನೂ ಕಲಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ರಕ್ಷಣೋಪಾಯ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಆದರೆ ತಿಳಿವಳಿಕೆ ನೀಡದೆ ದಂಡದ ಭಯವನ್ನಷ್ಟೇ ತೋರಿಸಿದರೆ ಸಣ್ಣವರು ಅಂಗಡಿಯನ್ನೇ ಮುಚ್ಚಿಯಾರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮಗೆ ಅಭ್ಯಾಸವಾಗಿದೆ. ಭಾಗಮಂಡಲದ ಆ ಮನೆಯಲ್ಲಿ ಅಂದು ಸಂಜೆಯೇ ಪಾಸ್‌ವರ್ಡ್ ಬದಲಾಯಿತು. ಕ್ಯಾಲೆಂಡರಿನ ಹಾಳೆಯನ್ನು ಹರಿದುಹಾಕಿದರು. ಎಲ್ಲ ಸೇರಿ ಹಿಡಿದದ್ದು ಅರ್ಧ ಗಂಟೆ. ಅಷ್ಟು ಬಿಡುವು ಪ್ರತಿಯೊಬ್ಬ ಅಂಗಡಿಕಾರನಿಗೂ ಇದ್ದೇ ಇದೆ.