ಗಿಲ್ಬೋವದಲ್ಲಿ ಸೌಲ ಎಷ್ಟು ಸಲ ಸತ್ತ?

ಗಿಲ್ಬೋವದ ಯುದ್ಧದಲ್ಲಾದ ಅರಸ ಸೌಲನ ಸಾವಿಗೆ ಬೈಬಲ್ ನಾಲ್ಕು ಕಥೆ ಹೇಳುತ್ತದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬ ಆಕ್ಷೇಪ ಹಳೆಯದು. ಒಂದನೆಯ ಸಮುವೇಲ 31ರಲ್ಲಿ ಅವನು ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಎರಡನೆಯ ಸಮುವೇಲದ ಮೊದಲ ಅಧ್ಯಾಯದಲ್ಲಿ ಅಮಾಲೇಕ್ಯನೊಬ್ಬ ಕೊಲ್ಲುತ್ತಾನೆ, ಅದೇ ಪುಸ್ತಕದ 21ರಲ್ಲಿ ಫಿಲಿಷ್ಟಿಯರು, ಪೂರ್ವಕಾಲವೃತ್ತಾಂತದಲ್ಲಿ ಸಾಕ್ಷಾತ್ ಯೆಹೋವ. ಪಟ್ಟಿಯಲ್ಲಿ ತಪ್ಪಿಲ್ಲ, ಓದಿನಲ್ಲಿದೆ.

ಕತ್ತಿಯ ಪ್ರಸಂಗ ಹೇಳುವವನು ನಿರೂಪಕ. ಅಮಾಲೇಕ್ಯನ ಕಥೆ ಹೇಳುವವನು ಅಮಾಲೇಕ್ಯನೇ. ಪಾತ್ರದ ಮಾತು ಗ್ರಂಥದ ಮಾತಲ್ಲ. ಧರ್ಮರಾಯ ಅಶ್ವತ್ಥಾಮ ಸತ್ತನೆಂದ, ಅಶ್ವತ್ಥಾಮ ಬದುಕಿದ್ದ. ಅದಕ್ಕೆ ವ್ಯಾಸರನ್ನು ಯಾರೂ ಕಟಕಟೆಗೆ ಎಳೆದಿಲ್ಲ. ಸಮುವೇಲದ ನಿರೂಪಕನ ಪ್ರಕಾರ ಸೌಲನ ಆಯುಧ ಹೊರುವವನು ಒಡೆಯ ಸತ್ತದ್ದನ್ನು ಕಣ್ಣಾರೆ ಕಂಡು ತಾನೂ ಪ್ರಾಣ ಬಿಟ್ಟ. ಅಮಾಲೇಕ್ಯನ ವರದಿಯಲ್ಲಿ ಆ ಸೇವಕನ ಸುಳಿವೇ ಇಲ್ಲ. ಸೌಲನ ಕಿರೀಟ, ತೋಳ್ಬಳೆ ಹಿಡಿದು ಅಮಾಲೇಕ್ಯ ಬಂದದ್ದು ಚಿಕ್ಲಗಿಗೆ, ಸೌಲ ಬೇಟೆಯಾಡುತ್ತಿದ್ದ ದಾವೀದನ ಬಳಿಗೆ. ಬಹುಮಾನದ ಆಸೆ ಅಲ್ಲದೆ ಮತ್ತೇನು? 'ಅವನು ಸುಳ್ಳನೆಂದು ಗ್ರಂಥ ಹೇಳಿಲ್ಲವಲ್ಲ?' ಎನ್ನುತ್ತಾರೆ. ಹೇಳಬೇಕಿರಲಿಲ್ಲ. ಓದುಗ ಹಿಂದಿನ ಅಧ್ಯಾಯ ಓದಿಯೇ ಬಂದಿರುತ್ತಾನೆ. ಅಲ್ಲಿ ನಡೆದದ್ದು ದಾವೀದನಿಗೆ ಗೊತ್ತಿಲ್ಲ. ಕೇಳಿದ್ದನ್ನು ನಂಬಿ ಮರಣದಂಡನೆ ಕೊಟ್ಟ. ಅಮಾಲೇಕ್ಯನ ಪ್ರಾಣ ಹೋದದ್ದು ಅವನ ಸುಳ್ಳು ಬಯಲಾದ್ದರಿಂದಲ್ಲ, ನಿಜವೆನಿಸಿದ್ದರಿಂದ.

ಫಿಲಿಷ್ಟಿಯರ ವಿಷಯ ಎಳೆದಾಡುವಷ್ಟಿಲ್ಲ. ಅವರ ಬಿಲ್ಲುಗಾರರಿಂದ ಗಾಯಗೊಂಡೇ ಸೌಲ ಕತ್ತಿ ಹಿರಿದದ್ದು.

ಪೂರ್ವಕಾಲವೃತ್ತಾಂತದಲ್ಲಿ 'ಯೆಹೋವನೇ ಕೊಂದ' ಎಂಬ 14ನೆಯ ವಚನ ಬರೆದವನು ಅದೇ ಅಧ್ಯಾಯದ 4ನೆಯ ವಚನದಲ್ಲಿ ಸೌಲ ಕತ್ತಿಯ ಮೇಲೆ ಬಿದ್ದನೆಂದೂ ಬರೆದಿದ್ದಾನೆ. ಹತ್ತು ವಚನಗಳ ಅಂತರದಲ್ಲಿ ತನ್ನ ಮಾತು ಮರೆಯುವಷ್ಟು ದಡ್ಡನೇ? ಒಂದು ನಡೆದ ಘಟನೆ, ಇನ್ನೊಂದು ಅವನು ಕೊಟ್ಟ ತೀರ್ಪು. ಅದೇ ಅಧ್ಯಾಯದ 'ಸೌಲನ ಮನೆಯವರೆಲ್ಲ ಸತ್ತರು' ಎಂಬ ಮಾತಿಗೂ ಸೌಲನ ಮಗ ಈಷ್ಬೋಶೆತ್ ಬದುಕುಳಿದು ಅರಸನಾದದ್ದಕ್ಕೂ ಗಂಟುಹಾಕುವವರು ಎರಡು ಅಧ್ಯಾಯ ಹಿಂದೆ ಹೋಗಲಿ. ಎಷ್ಬಾಳ ಎಂಬ ಹೆಸರಿನಲ್ಲಿ ಆ ಮಗನೂ ಇದ್ದಾನೆ, ಇನ್ನೊಬ್ಬ ಮಗ ಯೋನಾತಾನನ ಸಂತತಿಯ ತಲೆಮಾರುಗಳೂ ಇವೆ. ಗಿಲ್ಬೋವದಲ್ಲಿ ಮುಗಿದದ್ದು ರಾಜಮನೆತನದ ಬಲ, ಕುಲವಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಸೌಲ ಯೆಹೋವನನ್ನು ವಿಚಾರಿಸಲಿಲ್ಲ ಎನ್ನುತ್ತದೆ ಪೂರ್ವಕಾಲವೃತ್ತಾಂತ. ವಿಚಾರಿಸಿದ, ಉತ್ತರ ಬರಲಿಲ್ಲ ಎನ್ನುತ್ತದೆ ಒಂದನೆಯ ಸಮುವೇಲ 28. 'ಮನಸಾರೆ ವಿಚಾರಿಸಲಿಲ್ಲ' ಎಂದು ತೇಪೆ ಹಾಕುವವರಿದ್ದಾರೆ. ಆ 'ಮನಸಾರೆ' ಮೂಲದಲ್ಲಿಲ್ಲ. ಇಬ್ಬರು ಲೇಖಕರಿಗೆ ಸೌಲ ಇಬ್ಬರು ಬೇರೆ ಮನುಷ್ಯರಾಗಿ ಕಂಡಿದ್ದಾನೆ ಎಂದು ಒಪ್ಪುವುದೇ ಮೇಲು. ಆದರೆ ಆ ಜಗಳ ಯುದ್ಧಕ್ಕೆ ಮುಂಚಿನ ಪ್ರಾರ್ಥನೆಯದು. ರಣರಂಗದ ಸಾವಿನ ವಿವರಕ್ಕೆ ಅದನ್ನು ಸಾಕ್ಷಿ ಮಾಡಲು ಬರುವುದಿಲ್ಲ.