ಕಾರ್ಡ್ ಸರಿಯಿದೆ, ಸಂದೇಶ ಸರಿಯಿಲ್ಲ

ಹಾಜರಿ ಯಂತ್ರದ ಪರದೆಯಲ್ಲಿ ‘ಇನ್‌ವ್ಯಾಲಿಡ್ ಕಾರ್ಡ್’ ಎಂದು ಬಂದರೆ ಸಂಶಯ ಮೊದಲು ಬೀಳುವುದು ಕಾರ್ಡ್ ಹಿಡಿದವರ ಮೇಲೆ. ದಾಂಡೇಲಿಯ ನನ್ನ ರಿಪೇರಿ ಅಂಗಡಿಗೆ ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದಲೂ ಇಂಥ ಯಂತ್ರಗಳು ಬರುತ್ತವೆ. ಪರೀಕ್ಷಿಸಿದರೆ ಬಹಳ ಸಲ ಕಾರ್ಡ್ ಸರಿಯಾಗಿಯೇ ಇರುತ್ತದೆ.

ಅಗ್ಗದ ಯಂತ್ರಗಳಲ್ಲೂ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲೂ ಕಾಣುವ ಚಿಪ್ ಎನ್‌ಎಕ್ಸ್‌ಪಿ ಕಂಪನಿಯ ಎಂಎಫ್‌ಆರ್‌ಸಿ522. 13.56 ಮೆಗಾಹರ್ಟ್ಸ್‌ನಲ್ಲಿ ಕಾರ್ಡ್ ಓದುವ ಇದು, ಎಡವಟ್ಟಾದರೆ ಕಾರಣವನ್ನು 06ನೇ ರಿಜಿಸ್ಟರ್ ಎಂಬ ತನ್ನೊಳಗಿನ ಪುಟ್ಟ ಕೋಶದ ಒಂದೇ ಬೈಟಿನಲ್ಲಿ ಬರೆದಿಡುತ್ತದೆ. ಅದರಲ್ಲಿ 8 ಇದ್ದರೆ, ಒಂದೇ ಪರ್ಸಿನಲ್ಲಿದ್ದ ಎರಡು ಕಾರ್ಡುಗಳು ಒಟ್ಟಿಗೆ ಉತ್ತರ ಕೊಟ್ಟಿರಬಹುದು. 4 ಇದ್ದರೆ ಬಂದ ಮಾಹಿತಿ ಸಿಆರ್‌ಸಿ ಎಂಬ ದೋಷ-ಪತ್ತೆ ಸಂಕೇತಕ್ಕೆ ತಾಳೆಯಾಗಲಿಲ್ಲ. 12 ಇದ್ದರೆ ಎರಡೂ ಆಗಿದೆ. 64 ಇದ್ದರೆ ಚಿಪ್ ವಿಪರೀತ ಕಾದು ಆಂಟೆನಾ ಚಾಲನೆಯನ್ನು ತಾನೇ ನಿಲ್ಲಿಸಿದೆ. ಕಾರ್ಡ್ ಉತ್ತರವನ್ನೇ ಕೊಡದಿದ್ದರೆ ಇಲ್ಲಿ ಸೊನ್ನೆಯೇ ಇರುತ್ತದೆ; ಆಗ ನೋಡಬೇಕಾದದ್ದು, ಕಾಯುವ ಅವಧಿ ಮುಗಿಯಿತೆಂದು ಹೇಳುವ 04ನೇ ರಿಜಿಸ್ಟರಿನ ಟೈಮರ್ ಬಿಟ್. ರೀಡರನ್ನು ಕಬ್ಬಿಣದ ತಗಡಿಗೆ ಅಂಟಿಸಿ ಕೂರಿಸಿದ ಕಡೆ ಇದೇ ಗತಿ: ಲೋಹ ಆಂಟೆನಾದ ಶ್ರುತಿ ಕೆಡಿಸುತ್ತದೆ, ಕಾರ್ಡಿಗೆ ಶಕ್ತಿ ಸಿಗುವುದಿಲ್ಲ.

ಚಿಪ್ ಇಷ್ಟು ಬಿಡಿಸಿ ಹೇಳಿದರೂ ಸಾಫ್ಟ್‌ವೇರ್ ಬರೆದವರು ಎಲ್ಲವನ್ನೂ ಒಂದೇ ‘ಎರರ್’ಗೆ ತುಂಬಿಬಿಡುತ್ತಾರೆ. ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಮಾತಾಡುವವರೂ ಇರುವ ನಮ್ಮ ತಾಲ್ಲೂಕುಗಳಲ್ಲಿ ಆ ಇಂಗ್ಲಿಷ್ ಪದ ನೋಡಿ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ದಿನಗೂಲಿಯವರಿಗೆ ಒಂದು ಹಾಜರಿ ತಪ್ಪಿದರೆ ಒಂದು ದಿನದ ಸಂಬಳಕ್ಕೇ ಕುತ್ತು.

‘ಒಂದೇ ಕಾರ್ಡ್ ಹಿಡಿಯಿರಿ’, ‘ಇನ್ನೊಮ್ಮೆ ಹಿಡಿಯಿರಿ’, ‘ಯಂತ್ರ ಕೆಟ್ಟಿದೆ’ ಎಂದು ಕನ್ನಡದಲ್ಲಿ ತೋರಿಸಲು ಹೊಸ ಯಂತ್ರವೇನೂ ಬೇಡ, ಕೆಲವೇ ಸಾಲುಗಳ ಕೋಡ್ ಸಾಕು. ಚಿಕ್ಕ ಪರದೆಯಲ್ಲಿ ಕನ್ನಡ ಅಕ್ಷರ ಮೂಡದಿದ್ದರೆ ಸಂಖ್ಯೆ ತೋರಿಸಿ, ಅರ್ಥದ ಪಟ್ಟಿಯನ್ನು ಪಕ್ಕದ ಗೋಡೆಗೆ ಅಂಟಿಸಬಹುದು.

ಯಂತ್ರ ಕೊಳ್ಳುವ ಕಚೇರಿ, ಕಾರ್ಖಾನೆ, ಶಾಲೆಗಳಲ್ಲಿ ನನ್ನ ಬೇಡಿಕೆ ಇಷ್ಟೇ: ದೋಷದ ಸಂಖ್ಯೆ ಸಮಯದೊಂದಿಗೆ ದಾಖಲಾಗಬೇಕು, ಪರದೆಯ ಮಾತು ಜನರಿಗೆ ಅರ್ಥವಾಗಬೇಕು, ಯಂತ್ರ ಕೈಕೊಟ್ಟಾಗ ಬರೆಯಲು ಪಕ್ಕದಲ್ಲೊಂದು ಹಾಜರಿ ಪುಸ್ತಕ ಇರಬೇಕು. ಈ ಮೂರನ್ನೂ ಟೆಂಡರಿನಲ್ಲೇ ಬರೆಯಿರಿ. ಇವನ್ನು ಒಪ್ಪದವರಿಂದ ಯಂತ್ರ ಕೊಳ್ಳಬೇಡಿ.