ವಸ್ತ್ರವಿನ್ಯಾಸಕನ ಸ್ವಾತಂತ್ರ್ಯ

ಉಡುಪಿನ ವಿಚಾರಕ್ಕೆ ಸಾಹಿತ್ಯದ ಪುಟದಲ್ಲಿ ಸ್ಥಾನವುಂಟೆ ಎಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಶಿಲ್ಪಿಯ ಉಳಿಗೆ, ಚಿತ್ರಕಾರನ ಕುಂಚಕ್ಕೆ ಸಲ್ಲಿಸುವ ಗೌರವವನ್ನು ದರ್ಜಿಯ ಕತ್ತರಿಗೆ ಸಲ್ಲಿಸಲು ನಾವು ಹಿಂಜರಿಯುತ್ತೇವೆ. ಫ್ಯಾಷನ್ ಎಂದರೆ ಋತುವಿಗೊಮ್ಮೆ ಬದಲಾಗುವ ಸಿರಿವಂತರ ಚಪಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆ ನಿರಾಧಾರವೇನಲ್ಲ. ಆದರೆ ಅದು ಪೂರ್ಣಸತ್ಯವೂ ಅಲ್ಲವೆಂಬುದಕ್ಕೆ ಗೋವೆಯ ವೆಂಡೆಲ್ ರಾಡ್ರಿಕ್ಸ್ ಅವರ ಜೀವನವೇ ಸಾಕ್ಷಿ.

1960ರಲ್ಲಿ ಜನಿಸಿದ ರಾಡ್ರಿಕ್ಸ್ ಮೊದಲು ಕಲಿತದ್ದು ಹೋಟೆಲು ಉದ್ಯಮದ ಕೆಲಸ. ಮಸ್ಕತ್ತಿನಲ್ಲಿದ್ದ ಭದ್ರವಾದ ನೌಕರಿಯನ್ನು ಬಿಟ್ಟು, ಕೂಡಿಟ್ಟ ಹಣದಿಂದ ಅಮೆರಿಕೆಯಲ್ಲಿಯೂ ಫ್ರಾನ್ಸಿನಲ್ಲಿಯೂ ವಸ್ತ್ರವಿನ್ಯಾಸವನ್ನು ಅಭ್ಯಾಸಮಾಡಿದರು. ಸ್ವಂತ ಹೆಸರಿನಲ್ಲಿ ಮೊದಲ ಪ್ರದರ್ಶನ ನಡೆಸಿದಾಗ ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ನಿನ್ನ ಉಡುಪಿನಲ್ಲಿ ನಿನ್ನ ನಾಡು ಎಲ್ಲಿದೆ ಎಂಬ ಅರ್ಥದ ಪ್ರಶ್ನೆ ಪ್ಯಾರಿಸಿನಲ್ಲಿ ತಮಗೆ ಎದುರಾದುದನ್ನು ಅವರು ಮರೆಯಲಿಲ್ಲ. ಮದುವೆಯ ಸಂಭ್ರಮಕ್ಕೆ ಜರತಾರಿಯ ಭಾರವನ್ನು ಹೇರುವುದೇ ಲಾಭದ ದಾರಿಯಾಗಿದ್ದ ಕಾಲದಲ್ಲಿ, ಅವರು ಹಗುರವಾದ, ಕಸೂತಿಯ ಆಡಂಬರವಿಲ್ಲದ, ಬಿಳಿಯ ಬಣ್ಣಕ್ಕೆ ಒಲಿದ ಉಡುಪುಗಳನ್ನು ರೂಪಿಸಿದರು. ಮುಂಬಯಿಯನ್ನು ತೊರೆದು ಗೋವೆಯ ಕೊಲ್ವಾಳ್ ಗ್ರಾಮದಲ್ಲಿ ನೆಲೆನಿಂತರು.

ಅವರ ಕೆಲಸಗಳಲ್ಲಿ ಹೆಚ್ಚು ನೆನೆಯತಕ್ಕದ್ದು ಕುಣಬಿ ಸೀರೆಯ ಪುನರುಜ್ಜೀವನ. ಕೆಂಪು ಬಿಳುಪಿನ ಚೌಕುಳಿಯ ಈ ಒರಟು ಸೀರೆಯನ್ನು ಗದ್ದೆಯಲ್ಲಿ ದುಡಿಯುವ ಹೆಂಗಸರು ಮೊಣಕಾಲ ಕೆಳಗೆ ನಿಲ್ಲುವಂತೆ ಉಟ್ಟು, ಹೆಗಲ ಮೇಲೆ ಗಂಟು ಹಾಕುತ್ತಿದ್ದರು. ಗಿರಣಿಯ ಬಟ್ಟೆಯ ಮುಂದೆ ಕೈಮಗ್ಗ ಸೋತು, ಸೀರೆ ಕಾಣೆಯಾಗುತ್ತ ಬಂದಿತು. ರಾಡ್ರಿಕ್ಸ್ ಅದನ್ನು ಮತ್ತೆ ಮಗ್ಗಕ್ಕೇರಿಸಿ, ಮಹಾನಗರದ ವೇದಿಕೆಗೆ ತಂದರು. ಗೋವೆಯ ಉಡುಪಿನ ಇತಿಹಾಸವನ್ನು 2012ರಲ್ಲಿ ಗ್ರಂಥವಾಗಿಸಿದರು. ಪರರ ಮನೆಗಳಲ್ಲಿ ಸಾಕುಮಕ್ಕಳೆಂಬ ಹೆಸರಿನಲ್ಲಿ ಆಳಾಗಿ ಬೆಳೆದವರನ್ನು ಕುರಿತು 2017ರಲ್ಲಿ ‘ಪೊಸ್ಕೆಂ’ ಎಂಬ ಕಾದಂಬರಿಯನ್ನೂ ಪ್ರಕಟಿಸಿದರು. 2016ರಲ್ಲಿ ತಮ್ಮ ಸಂಸ್ಥೆಯ ವಿನ್ಯಾಸದ ಹೊಣೆಯನ್ನು ಶಿಷ್ಯೆಗೆ ಒಪ್ಪಿಸಿ, ಉಡುಪಿನ ವಸ್ತುಸಂಗ್ರಹಾಲಯದ ಕಾರ್ಯದಲ್ಲಿ ತೊಡಗಿದರು. 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗುತ್ತದೆ. ದುಡಿಯುವವಳ ಸೀರೆ ನಗರದ ಶ್ರೀಮಂತೆಯ ಅಲಂಕಾರವಾದರೆ ಕುಣಬಿ ಹೆಣ್ಣಿಗೆ ಬಂದ ಲಾಭವೇನು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸೀರೆಗೆ ಬೆಲೆ ಏರಿದಂತೆ ಅದನ್ನು ಉಡುತ್ತಿದ್ದವರ ಕೈಗೆ ಅದು ಎಟುಕದೆ ಹೋದೀತು. ಆದರೂ ನಿಘಂಟಿನಲ್ಲಿ ಮಾತ್ರ ಉಳಿದ ಶಬ್ದಕ್ಕೂ ನಾಲಗೆಯ ಮೇಲಿರುವ ಶಬ್ದಕ್ಕೂ ಇರುವ ಅಂತರವೇ ಪೆಟ್ಟಿಗೆಯ ಸೀರೆಗೂ ಮಗ್ಗದ ಸೀರೆಗೂ ಇದೆ. ಮಗ್ಗ ಆಡುತ್ತಿದ್ದರೆ ನ್ಯಾಯವಾದ ಕೂಲಿಯನ್ನು ಕೇಳಬಹುದು. ನಿಂತ ಮಗ್ಗದ ಮುಂದೆ ಯಾರನ್ನು ಕೇಳುವುದು?

ಕನ್ನಡಿಗರಿಗೆ ಇದು ನೆರೆಮನೆಯ ಸುದ್ದಿಯಲ್ಲ. ಕುಣಬಿಗಳು ನಮ್ಮ ಜೋಯಿಡಾದ ಕಾಡಿನಂಚಿನಲ್ಲಿಯೂ ಇದ್ದಾರೆ. ಗಜೇಂದ್ರಗಡದ ಕಡೆಯ ಪಟ್ಟೇದ ಅಂಚಿನ ಸೀರೆಯೂ ಹೀಗೆಯೇ ಮರೆವಿನ ಅಂಚಿಗೆ ಹೋಗಿ ಮರಳಿದೆ. ವಸ್ತ್ರವಿನ್ಯಾಸವನ್ನು ಕಲಿಯಹೊರಟ ನಮ್ಮ ತರುಣರು ಪ್ಯಾರಿಸಿನ ಪಾಠವನ್ನು ಅವಶ್ಯವಾಗಿ ಓದಲಿ. ಪೂರ್ವಸೂರಿಗಳನ್ನು ಅರಿಯದ ಕವಿಯಂತೆ, ಮಗ್ಗದ ಮನೆಯ ಹೊಸ್ತಿಲು ತುಳಿಯದ ವಿನ್ಯಾಸಕನೂ ಅರೆಗಲಿಕೆಯವನೇ. ಯಾರ ಹಂಗೂ ಇಲ್ಲದಿರುವುದನ್ನು ಸ್ವಾತಂತ್ರ್ಯವೆಂದು ಬಗೆಯಬಾರದು. ಯಾರ ಋಣ ತನ್ನ ಮೇಲಿದೆಯೆಂದು ತಾನೇ ಅರಿತು, ನೇಕಾರನ ಹೆಸರನ್ನು ತನ್ನ ಹೆಸರಿನ ಜೊತೆಗೆ ಬರೆಯುವವನೇ ಸ್ವತಂತ್ರನಾದ ವಿನ್ಯಾಸಕ.